ಬಸ್ಸು ನಿಂತ ಮೇಲೂ ಸೂತ್ರ ನಿಲ್ಲುವುದಿಲ್ಲ: ವೇಗ ಏರುವ, ಇಳಿಯುವ ಲೆಕ್ಕಗಳ ಬಗ್ಗೆ ಚರ್ಚೆ

ಅಂಕೋಲಾ_ಪಿಯು1
ಎಲ್ಲರಿಗೂ ನಮಸ್ಕಾರ. ಪ್ರಥಮ ಪಿಯುಸಿಯ ಈ ಲೆಕ್ಕದಲ್ಲಿ ಉತ್ತರ ಕೂಡಿ ಬರುತ್ತಿಲ್ಲ.

"ನೇರ ರಸ್ತೆಯಲ್ಲಿ ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಬಸ್ಸಿಗೆ ಬ್ರೇಕ್ ಹಾಕಿದಾಗ 4 ಮೀ/ಸೆ² ರಿಟಾರ್ಡೇಶನ್ (ವೇಗ ಕುಂದುವ ದರ) ಉಂಟಾಗುತ್ತದೆ. ಬ್ರೇಕ್ ಹಾಕಿದ ನಂತರದ 8 ಸೆಕೆಂಡುಗಳಲ್ಲಿ ಬಸ್ಸು ಕ್ರಮಿಸುವ ದೂರವೆಷ್ಟು?"

72 × 5/18 = 20 ಮೀ/ಸೆ. ಎಸ್ = ಯುಟಿ + ½ಎಟಿ² ಹಾಕಿದೆ (ಎಸ್ ದೂರ, ಯು ಆರಂಭಿಕ ವೇಗ, ಎ ವೇಗೋತ್ಕರ್ಷ, ಟಿ ಕಾಲ). 20 × 8 − ½ × 4 × 64 = 160 − 128 = 32 ಮೀ. ಉತ್ತರ 50 ಮೀ. ಎಂದಿದೆ. ಮೂರು ಸಲ ಮಾಡಿದರೂ 32 ಬರುತ್ತದೆ. ತಪ್ಪು ಎಲ್ಲಿ?

ಕಾಳೀತೀರ
ಸೂತ್ರ ಸರಿ, ಗುಣಾಕಾರವೂ ಸರಿ ತಂಗಿ. ಆದರೆ ಬಸ್ಸು 8 ಸೆಕೆಂಡು ಓಡುವುದೇ ಇಲ್ಲ. ಸೆಕೆಂಡಿಗೆ 4 ಮೀ/ಸೆ. ಕಳೆದುಕೊಳ್ಳುವ ಬಸ್ಸಿನ ಹತ್ತಿರ ಇರುವುದು 20. 20 ÷ 4 = 5, ಅಂದರೆ ಐದು ಸೆಕೆಂಡಿಗೆ ನಿಂತಾಯಿತು. ಆ ಐದು ಸೆಕೆಂಡಿನ ದೂರ 20 × 5 − ½ × 4 × 25 = 50 ಮೀ. ಉಳಿದ ಮೂರು ಸೆಕೆಂಡು ಅದು ನಿಂತಲ್ಲೇ ಇರುತ್ತದೆ.

ಹಾಗಾದರೆ 32 ಎಲ್ಲಿಂದ ಬಂತು? ವೇಗೋತ್ಕರ್ಷ (ಸೆಕೆಂಡಿಗೆ ವೇಗ ಬದಲಾಗುವ ದರ) −4 ಎಂದು ಒಮ್ಮೆ ಹೇಳಿದರೆ ಸೂತ್ರ 8 ಸೆಕೆಂಡೂ ಅದನ್ನೇ ನಂಬುತ್ತದೆ. ಐದನೇ ಸೆಕೆಂಡಿನ ನಂತರ ಬಸ್ಸು ಹಿಂದಕ್ಕೆ ಹೊರಡುತ್ತದೆ, ಮೂರು ಸೆಕೆಂಡಿನಲ್ಲಿ ½ × 4 × 9 = 18 ಮೀ. ಹಿಂದೆ ಬರುತ್ತದೆ. 50 − 18 = 32. ಬ್ರೇಕಿಗೆ ಬಸ್ಸನ್ನು ನಿಲ್ಲಿಸುವ ಶಕ್ತಿ ಇದೆ, ಹಿಂದಕ್ಕೆ ನೂಕುವ ಶಕ್ತಿ ಇಲ್ಲ. ಆ ಮಾತನ್ನು ಸೂತ್ರಕ್ಕೆ ನಾವೇ ಹೇಳಬೇಕು.

ಬ್ರೇಕ್ ಎಂಬ ಪದ ಕಂಡ ಕೂಡಲೇ ಮೊದಲು ನಿಲ್ಲುವ ಕಾಲ ಹುಡುಕಿ. ಕೊಟ್ಟ ಕಾಲ ಅದಕ್ಕಿಂತ ಕಡಿಮೆಯಿದ್ದರೆ ಸೂತ್ರಕ್ಕೆ ನೇರ ಹಾಕಿ. ಜಾಸ್ತಿಯಿದ್ದರೆ ನಿಲ್ಲುವ ಕಾಲವನ್ನೇ ಹಾಕಿ. ಹತ್ತು ಸೆಕೆಂಡಿನ ಕೆಲಸ ಇದು.

ದೇವಿಮನೆ_ತಿರುವು
ಇದೇ ಲೆಕ್ಕವನ್ನು ಸೂತ್ರವಿಲ್ಲದೆಯೂ ನೋಡಬಹುದು. ಪ್ರತಿ ಸೆಕೆಂಡಿನ ಸರಾಸರಿ ವೇಗ ಬರೆಯಿರಿ: ಮೊದಲ ಸೆಕೆಂಡಿನಲ್ಲಿ 20ರಿಂದ 16, ಸರಾಸರಿ 18. ಮುಂದೆ 14, 10, 6, 2. ಕೂಡಿದರೆ 50.

ಈ ಐದು ಸಂಖ್ಯೆಗಳನ್ನು 2ರಿಂದ ಭಾಗಿಸಿದರೆ 9, 7, 5, 3, 1. ನಿಂತಲ್ಲಿಂದ ಸಮ ವೇಗೋತ್ಕರ್ಷದಲ್ಲಿ ಹೊರಟ ವಸ್ತು ಒಂದೊಂದು ಸೆಕೆಂಡಿಗೆ 1, 3, 5, 7, 9ರ ಪ್ರಮಾಣದಲ್ಲಿ ದೂರ ಹೋಗುತ್ತದೆ ಎಂದು ಗೆಲಿಲಿಯೋ 1638ರಲ್ಲಿ ಅಚ್ಚಾದ ಪುಸ್ತಕದಲ್ಲಿ ತೋರಿಸಿದ. ಬ್ರೇಕ್ ಹಾಕಿ ನಿಲ್ಲುವುದು ಅದೇ ಚಲನೆಯನ್ನು ತಿರುಗಿಸಿ ಓಡಿಸಿದ ಹಾಗೆ. ನಿಲ್ಲುವ ಲೆಕ್ಕ ಕಠಿಣ ಎನಿಸಿದರೆ ನಿಂತಲ್ಲಿಂದ ಹಿಂದಕ್ಕೆ ಹೊರಡಿಸಿ ಮಾಡಿ, ಆರಂಭಿಕ ವೇಗ ಸೊನ್ನೆಯಾಗಿ ಅರ್ಧ ಸೂತ್ರವೇ ಅಳಿಸಿ ಹೋಗುತ್ತದೆ. "ನಿಲ್ಲುವ ಮೊದಲಿನ ಕೊನೆಯ ಎರಡು ಸೆಕೆಂಡಿನಲ್ಲಿ ಎಷ್ಟು ದೂರ" ಎಂದು ಕೇಳಿದರೆ ½ × 4 × 2² = 8 ಮೀ. ಬಸ್ಸಿನ ಮೊದಲಿನ ವೇಗ ಏನಿತ್ತೆಂದು ಕೇಳುವ ಅಗತ್ಯವೂ ಇಲ್ಲ.

ಅಂಕೋಲಾ_ಪಿಯು1
ಅರ್ಥವಾಯಿತು ಸರ್, ಧನ್ಯವಾದ. ಇನ್ನೊಂದು ಸಂಶಯ. ವೇಗೋತ್ಕರ್ಷಕ್ಕೆ ಮೈನಸ್ ಇದ್ದರೆ ವೇಗ ಕಡಿಮೆಯಾಗುತ್ತಿದೆ ಎಂದೇ ಅರ್ಥವಲ್ಲವೇ?

ಅಘನಾಶಿನಿ
ಅಲ್ಲ. ಈ ಅಧ್ಯಾಯದಲ್ಲಿ ಮಕ್ಕಳು ಅತಿ ಹೆಚ್ಚು ಎಡವುವ ಜಾಗವೇ ಇದು, ಸ್ವಲ್ಪ ನಿಧಾನವಾಗಿ ಓದಿ.

ಮೈನಸ್ ಹೇಳುವುದು ದಿಕ್ಕನ್ನು. ಯಾವ ಕಡೆಯನ್ನು ಪ್ಲಸ್ ಎಂದು ನೀವು ಇಟ್ಟುಕೊಂಡಿರೋ, ವೇಗೋತ್ಕರ್ಷ ಅದಕ್ಕೆ ಎದುರು ಕಡೆಗಿದೆ ಎಂದಷ್ಟೇ ಅದರ ಅರ್ಥ. ವೇಗ ಕುಂದುತ್ತದೋ ಏರುತ್ತದೋ ಎಂದು ತಿಳಿಯಲು ವೇಗದ ಚಿಹ್ನೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಎರಡರ ಚಿಹ್ನೆ ಒಂದೇ ಆದರೆ ಏರುತ್ತದೆ. ಬೇರೆ ಬೇರೆಯಾದರೆ ಕುಂದುತ್ತದೆ.

ಕಲ್ಲೊಂದನ್ನು 14.7 ಮೀ/ಸೆ. ವೇಗದಲ್ಲಿ ನೇರ ಮೇಲಕ್ಕೆ ಎಸೆಯಿರಿ, ಮೇಲಿನ ದಿಕ್ಕು ಪ್ಲಸ್. ವೇಗೋತ್ಕರ್ಷ −9.8. ಒಂದೂವರೆ ಸೆಕೆಂಡು ಮೇಲೇರುತ್ತದೆ, ಆಗ ವೇಗ ಪ್ಲಸ್, ಆದ್ದರಿಂದ ಕುಂದುತ್ತದೆ. ಸುಮಾರು 11 ಮೀ. ಎತ್ತರದಲ್ಲಿ ವೇಗ ಸೊನ್ನೆ. ಆಮೇಲೆ ಕೆಳಗೆ ಬರುವಾಗ ವೇಗ ಮೈನಸ್, ವೇಗೋತ್ಕರ್ಷವೂ ಮೈನಸ್, ವೇಗ ಏರುತ್ತಲೇ ಹೋಗುತ್ತದೆ. ಇಡೀ ಮೂರು ಸೆಕೆಂಡೂ ವೇಗೋತ್ಕರ್ಷ ಅದೇ −9.8. ತುದಿಯಲ್ಲಿ ವೇಗ ಸೊನ್ನೆಯಾಯಿತೆಂದು ವೇಗೋತ್ಕರ್ಷವನ್ನೂ ಸೊನ್ನೆ ಮಾಡಿಬಿಟ್ಟರೆ ಕಲ್ಲು ಅಲ್ಲೇ ಆಕಾಶದಲ್ಲಿ ನಿಂತಿರಬೇಕಾಗುತ್ತದೆ.

ಬೈತಖೋಲ
ಮೇಡಂ, ಹೊಸದಾಗಿ ಕಲಿಯುವವರಿಗೆ ಇಷ್ಟೆಲ್ಲ ಹೇಳಿದರೆ ತಲೆ ಕೆಡುತ್ತದೆ. "ಬ್ರೇಕ್ ಹಾಕಿದರೆ ಮೈನಸ್, ಆಕ್ಸಿಲರೇಟರ್ ಒತ್ತಿದರೆ ಪ್ಲಸ್" ಎಂದರೆ ಹತ್ತನೇ ತರಗತಿಯವರೆಗಿನ ಲೆಕ್ಕ ಎಲ್ಲ ಬರುತ್ತದೆ. ಮುಂದಿನದನ್ನು ಮುಂದೆ ನೋಡಿದರಾಯಿತು.

ಅಘನಾಶಿನಿ
ಅದು ಒಂದೇ ಕಡೆಗೆ ಹೋಗುವ ಬಸ್ಸಿಗೆ ಮಾತ್ರ ಸರಿ. ನಿಮ್ಮ ಬೈತಖೋಲ ಬಂದರಿನದೇ ಉದಾಹರಣೆ ತೆಗೆದುಕೊಳ್ಳಿ. ಸಮುದ್ರದ ಕಡೆ ಪ್ಲಸ್ ಎಂದಿಟ್ಟುಕೊಂಡರೆ ದಕ್ಕೆಯ (ಬೋಟು ಕಟ್ಟುವ ಕಟ್ಟೆಯ) ಕಡೆಗೆ 3 ಮೀ/ಸೆ. ವೇಗದಲ್ಲಿ ಬರುತ್ತಿರುವ ಬೋಟಿನ ವೇಗ −3. ಅದು 6 ಸೆಕೆಂಡಿನಲ್ಲಿ ನಿಲ್ಲಬೇಕು. ವೇಗೋತ್ಕರ್ಷ (0 − (−3)) ÷ 6 = +0.5. ಬೋಟು ನಿಧಾನವಾಗುತ್ತಿದೆ, ಚಿಹ್ನೆ ಪ್ಲಸ್. ಇಲ್ಲಿ "ಬ್ರೇಕ್ ಎಂದರೆ ಮೈನಸ್" ಎಂದು −0.5 ಹಾಕಿದರೆ ಆರನೇ ಸೆಕೆಂಡಿಗೆ ವೇಗ −6 ಬರುತ್ತದೆ, ಅಂದರೆ ಬೋಟು ಇಮ್ಮಡಿ ವೇಗದಲ್ಲಿ ದಕ್ಕೆಗೆ ಬಡಿಯುತ್ತದೆ. ಒಂದು ಸಲ ರೂಢಿಯಾದ ತಪ್ಪು ನಿಯಮವನ್ನು ಬಿಡಿಸುವುದು ಸರಿಯಾದದ್ದನ್ನು ಕಲಿಸುವುದಕ್ಕಿಂತ ಕಷ್ಟ. ಹಾಳೆಯ ಮೇಲೆ ಒಂದು ಬಾಣ ಎಳೆದು ಅದರ ತುದಿಗೆ ಪ್ಲಸ್ ಎಂದು ಬರೆಯುವುದು ಒಂಬತ್ತನೇ ತರಗತಿಗೂ ಕಷ್ಟವಲ್ಲ.

ಇನ್ನೊಂದು ಮಾತು. ಪ್ರಶ್ನೆಯಲ್ಲಿ "4 ಮೀ/ಸೆ² ರಿಟಾರ್ಡೇಶನ್" ಎಂದಿದ್ದರೆ ಕುಂದುತ್ತದೆ ಎಂಬ ಅರ್ಥ ಆ ಪದದಲ್ಲೇ ಇದೆ. "−4 ರಿಟಾರ್ಡೇಶನ್" ಎಂದು ಬರೆದರೆ ಮೈನಸ್ ಎರಡು ಸಲ ಹೇಳಿದಂತಾಗುತ್ತದೆ. ಉತ್ತರ ಬರೆಯುವಾಗ "ವೇಗೋತ್ಕರ್ಷ −4" ಎನ್ನಿ, ಇಲ್ಲವೇ "ರಿಟಾರ್ಡೇಶನ್ 4" ಎನ್ನಿ.

ಬೈತಖೋಲ
ಬೋಟಿನ ಉದಾಹರಣೆ ಒಪ್ಪಿದೆ. ಬಾಣ ಎಳೆಯುವುದೇ ಸರಿ.

ಹೆದ್ದಾರಿ66
ಬ್ರೇಕ್ ಲೆಕ್ಕದ ಬಗ್ಗೆ ಒಂದು ಸೇರ್ಪಡೆ. ಪ್ರಶ್ನೆಯಲ್ಲಿ "ಪ್ರತಿಕ್ರಿಯಾ ಕಾಲ" ಎಂಬ ಪದ ಬಂದರೆ ಚಲನೆ ಎರಡು ತುಂಡಾಗುತ್ತದೆ. ಚಾಲಕ ಕಂಡದ್ದರಿಂದ ಬ್ರೇಕ್ ಹಿಡಿಯುವವರೆಗೆ ವೇಗ ಬದಲಾಗುವುದಿಲ್ಲ, ಆಮೇಲೆ ಕುಂದುತ್ತದೆ. ಎರಡನ್ನೂ ಒಂದೇ ಸೂತ್ರಕ್ಕೆ ಹಾಕಿದವರ ಉತ್ತರ ಎಂದೂ ಸರಿ ಬರುವುದಿಲ್ಲ.

ಹೆದ್ದಾರಿಯಲ್ಲಿ ಮುಂದೆ ದನ ಮಲಗಿದೆ. ಪ್ರತಿಕ್ರಿಯಾ ಕಾಲ 0.8 ಸೆಕೆಂಡು, ಬ್ರೇಕಿನಿಂದ 5 ಮೀ/ಸೆ² ಎಂದಿಟ್ಟುಕೊಳ್ಳಿ. 72 ಕಿ.ಮೀ. ವೇಗದ ಕಾರು ಮೊದಲು 20 × 0.8 = 16 ಮೀ. ಹೋಗುತ್ತದೆ, ಬ್ರೇಕಿನಲ್ಲಿ ವೇಗದ ವರ್ಗ ÷ (2 × ರಿಟಾರ್ಡೇಶನ್), ಅಂದರೆ 400 ÷ 10 = 40 ಮೀ. ಒಟ್ಟು 56. ದನ 56 ಮೀ. ದೂರದಲ್ಲಿದ್ದರೆ ಕಾರು ಅದರ ಮುಂದೆಯೇ ನಿಲ್ಲುತ್ತದೆ.

ಅದೇ ಜಾಗದಲ್ಲಿ ಅದೇ ಕಾರು 90 ಕಿ.ಮೀ. ವೇಗದಲ್ಲಿದ್ದರೆ? 25 × 0.8 = 20 ಮೀ. ಕಳೆದು ಬ್ರೇಕಿಗೆ ಉಳಿದದ್ದು 36 ಮೀ. ದನದ ಹತ್ತಿರ ಉಳಿದ ವೇಗ ವಿ ಎಂದರೆ ವಿ² = 625 − 2 × 5 × 36 = 265. ವಿ = 16.3 ಮೀ/ಸೆ., ಗಂಟೆಗೆ ಸುಮಾರು 59 ಕಿ.ಮೀ. ಹೆಚ್ಚಿಸಿದ್ದು ಬರೀ 18 ಕಿ.ಮೀ., ಆದರೆ ಡಿಕ್ಕಿಯಾಗುವುದು 59ರಲ್ಲಿ. ಬ್ರೇಕ್ ಕಳೆಯುವುದು ವೇಗದ ವರ್ಗವನ್ನು, ಅದೂ ಮೀಟರಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಹೆಚ್ಚಿನ ವೇಗದಲ್ಲಿ ಮೊದಲ ಮೀಟರುಗಳು ಬೇಗ ಕಳೆದುಹೋಗುತ್ತವೆ, ವೇಗದ ಹೆಚ್ಚಿನ ಪಾಲು ಇಳಿಯುವುದು ಕೊನೆಯ ಭಾಗದಲ್ಲಿ. ಈ ಲೆಕ್ಕವನ್ನು ಲೈಸೆನ್ಸ್ ಪಡೆಯುವ ಪ್ರತಿಯೊಬ್ಬರೂ ಒಂದು ಸಲ ಕೈಯಾರೆ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಕಾಳೀತೀರ
ಒಳ್ಳೆಯ ಲೆಕ್ಕ. ನಿಲ್ಲುವ ದೂರ "ವೇಗದ ವರ್ಗಕ್ಕೆ ಅನುಪಾತ" ಎಂದು ಬಾಯಿಪಾಠ ಮಾಡಿದವರು ಪ್ರತಿಕ್ರಿಯಾ ದೂರಕ್ಕೂ ವರ್ಗ ಹಚ್ಚುತ್ತಾರೆ. 16ಕ್ಕೆ 20, ಅಲ್ಲಿ ಏರಿಕೆ 1.25 ಪಟ್ಟು ಮಾತ್ರ. 40ಕ್ಕೆ 62.5, ಅಲ್ಲಿ 1.5625 ಪಟ್ಟು. ಬೇರೆ ಬೇರೆ ಇಟ್ಟೇ ಕೂಡಿಸಬೇಕು.

ದೇವಿಮನೆ_ತಿರುವು
ನಮ್ಮ ಕಡೆಯ ರಸ್ತೆಗೆ ಸಮತಟ್ಟಿನ ಲೆಕ್ಕ ಸಾಲದು. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟವಾಗಲಿ, ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವ ಅರಬೈಲ್ ಘಟ್ಟವಾಗಲಿ, ಇಳಿಜಾರು ಮತ್ತು ಮಳೆ ಎರಡೂ ಲೆಕ್ಕಕ್ಕೆ ಬರುತ್ತವೆ.

ಚಕ್ರ ಜಾರದ ಅಂಚಿನಲ್ಲಿ ಬ್ರೇಕ್ ಹಿಡಿದಾಗ ಸಮತಟ್ಟಿನಲ್ಲಿ ವೇಗ ಕುಂದುವ ದರ = ಘರ್ಷಣಾ ಗುಣಾಂಕ (ರಸ್ತೆಗೂ ಟೈರಿಗೂ ಇರುವ ಹಿಡಿತದ ಅಳತೆ) × 9.8. ಇಳಿಜಾರಿನಲ್ಲಿ ಗುಣಾಂಕವನ್ನು ಕೋನದ ಕೊಸೈನಿನಿಂದ ಗುಣಿಸಿ, ಅದರಿಂದ ಸೈನ್ ಕಳೆದು, 9.8ರಿಂದ ಗುಣಿಸಬೇಕು. ಏರಿನಲ್ಲಾದರೆ ಸೈನ್ ಕೂಡಿಸಬೇಕು.

ಗಂಟೆಗೆ 40 ಕಿ.ಮೀ., ಅಂದರೆ 11.1 ಮೀ/ಸೆ. ಇಳಿಜಾರು 15ಕ್ಕೆ 1, ಅಂದರೆ 15 ಮೀ. ಸಾಗಿದರೆ 1 ಮೀ. ಇಳಿತ. ಒಣ ಡಾಂಬರಿಗೆ 0.6, ನೆನೆದು ಜಾರುವ ರಸ್ತೆಗೆ 0.3 ಎಂದು ಹಿಡಿಯೋಣ.
ಒಣ ಸಮತಟ್ಟು: ದರ 5.88, ನಿಲ್ಲಲು 10.5 ಮೀ.
ಒದ್ದೆ ಸಮತಟ್ಟು: ದರ 2.94, ನಿಲ್ಲಲು 21 ಮೀ.
ಒದ್ದೆ ಇಳಿಜಾರು: ದರ 2.28, ನಿಲ್ಲಲು 27 ಮೀ.
ಒದ್ದೆ ಏರು: ದರ 3.59, ನಿಲ್ಲಲು 17 ಮೀ.

ಇದರ ಮೇಲೆ ಒಂದು ಸೆಕೆಂಡಿನ ಪ್ರತಿಕ್ರಿಯೆಗೆ 11 ಮೀ. ಸೇರಿಸಿ. ಅದೇ ತಿರುವಿನಲ್ಲಿ ಅದೇ ವೇಗದಲ್ಲಿ ಎದುರುಬದುರಾದ ಎರಡು ಗಾಡಿಗಳಲ್ಲಿ ಇಳಿಯುವವನಿಗೆ ಏರುವವನಿಗಿಂತ ಹತ್ತು ಮೀಟರು ಹೆಚ್ಚು ಬೇಕು.

ತೋಟದಂಚು
ತೂಕ ಎಲ್ಲೂ ಬರಲಿಲ್ಲವಲ್ಲ ಸರ್? ತುಂಬಿದ ಲಾರಿಗೂ ಖಾಲಿ ಲಾರಿಗೂ ಒಂದೇ ದೂರವೇ?

ದೇವಿಮನೆ_ತಿರುವು
ಈ ಮಾದರಿಯಲ್ಲಿ ಒಂದೇ. ಘರ್ಷಣೆ ತೂಕದ ಜೊತೆ ಏರುತ್ತದೆ, ನಿಲ್ಲಿಸಬೇಕಾದ ದ್ರವ್ಯರಾಶಿಯೂ ಅಷ್ಟೇ ಏರುತ್ತದೆ, ಎರಡೂ ವಜಾ. ಪರೀಕ್ಷೆಯಲ್ಲಿ ತೂಕ ಕೊಟ್ಟು ದಾರಿ ತಪ್ಪಿಸುವ ಪ್ರಶ್ನೆ ಇದೇ.

ಘಟ್ಟದಲ್ಲಿ ತುಂಬಿದ ಲಾರಿ ನಿಲ್ಲದಿರುವ ಕಾರಣ ಬೇರೆ, ಬ್ರೇಕ್ ಕಾಯುವುದು. 10 ಟನ್ನಿನ ಲಾರಿ 300 ಮೀ. ಎತ್ತರ ಇಳಿದರೆ 10,000 × 9.8 × 300, ಸುಮಾರು 2.9 ಕೋಟಿ ಜೂಲ್ ಎಲ್ಲಿಗಾದರೂ ಹೋಗಬೇಕು. ಎಲ್ಲವೂ 200 ಕೆ.ಜಿ. ಎರಕದ ಕಬ್ಬಿಣದ ಡ್ರಮ್ಮುಗಳಿಗೇ ಹೋದರೆ ಅವು 300 ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತವೆ, ಡ್ರಮ್ಮಿಗೆ ಒತ್ತುವ ಬ್ರೇಕ್ ಲೈನರಿನ ಹಿಡಿತ ಸಡಿಲವಾಗುತ್ತದೆ. ಕಡಿಮೆ ಗೇರಿನಲ್ಲಿ ಇಳಿಸುವುದು ಆ ಶಕ್ತಿಯ ಬಹುಪಾಲನ್ನು ಎಂಜಿನ್ನಿಗೆ ಕೊಡಲು. ಆಗ "ಸಮ ವೇಗೋತ್ಕರ್ಷ" ಎಂಬ ಊಹೆಯೇ ಮುರಿದಿರುತ್ತದೆ, ನಮ್ಮ ಮೂರು ಸೂತ್ರಗಳು (ವಿ = ಯು + ಎಟಿ, ಎಸ್ = ಯುಟಿ + ½ಎಟಿ², ವಿ² = ಯು² + 2ಎಎಸ್; ವಿ ಅಂತಿಮ ವೇಗ) ಅಲ್ಲಿ ನಡೆಯುವುದಿಲ್ಲ.

ಹೊನ್ನಾವರ_ಗೇಟು
ರೈಲಿನ ಲೆಕ್ಕ ಯಾರೂ ಎತ್ತಲಿಲ್ಲ. ಹೊರಡುವುದು, ಸಮ ವೇಗದಲ್ಲಿ ಓಡುವುದು, ನಿಲ್ಲುವುದು ಎಂದು ಮೂರು ಹಂತದ ಪ್ರಶ್ನೆ ಬಂದರೆ ಸೂತ್ರ ಮುಟ್ಟುವ ಮೊದಲು ವೇಗ–ಕಾಲ ನಕ್ಷೆ ಬರೆಯಿರಿ. ಅಡ್ಡಕ್ಕೆ ಕಾಲ, ನೆಟ್ಟಗೆ ವೇಗ. ಏರುವ ಗೆರೆ, ಮಟ್ಟದ ಗೆರೆ, ಇಳಿಯುವ ಗೆರೆ. ಒಳಗಿನ ವಿಸ್ತೀರ್ಣ ದೂರ, ಗೆರೆಯ ಓಟ (ಗೆರೆ ಎಷ್ಟು ಓರೆ ಎಂಬ ಅಳತೆ) ವೇಗೋತ್ಕರ್ಷ.

ಎರಡು ನಿಲ್ದಾಣಗಳ ನಡುವೆ 12 ಕಿ.ಮೀ. ಹೊರಡುವಾಗ 0.2, ನಿಲ್ಲುವಾಗ 0.4 ಮೀ/ಸೆ². ಗರಿಷ್ಠ ವೇಗ 90 ಕಿ.ಮೀ., ಅಂದರೆ 25 ಮೀ/ಸೆ. ಹೊರಡಲು 125 ಸೆಕೆಂಡು, 1562.5 ಮೀ. ನಿಲ್ಲಲು 62.5 ಸೆಕೆಂಡು, 781.25 ಮೀ. ಉಳಿದ 9656.25 ಮೀಟರಿಗೆ 386.25 ಸೆಕೆಂಡು. ಒಟ್ಟು 573.75 ಸೆಕೆಂಡು, ಒಂಬತ್ತೂವರೆ ನಿಮಿಷದ ಮೇಲೆ ನಾಲ್ಕು ಸೆಕೆಂಡು ಎನ್ನಿ.

ತಾಳೆ ನೋಡುವ ಬಗೆ: ನಿಲ್ಲದೆ 25ರಲ್ಲೇ ಹೋಗಿದ್ದರೆ 480 ಸೆಕೆಂಡು. ಒಂದು ನಿಲುಗಡೆಗೆ ಹೆಚ್ಚಾದ ಕಾಲ, ಏರಲು ಮತ್ತು ಇಳಿಯಲು ತೆಗೆದುಕೊಂಡ ಕಾಲದ ಅರ್ಧ: (125 + 62.5) ÷ 2 = 93.75. ಕೂಡಿದರೆ ಅದೇ 573.75.

ಇದರಲ್ಲೊಂದು ಗುಂಡಿ ಇದೆ. ನಿಲ್ದಾಣಗಳ ನಡುವೆ ಬರೀ 2 ಕಿ.ಮೀ. ಎಂದರೆ? ಏರಲು, ಇಳಿಯಲು ಸೇರಿ ಸುಮಾರು 2344 ಮೀ. ಬೇಕು, ಜಾಗವೇ ಇಲ್ಲ. ರೈಲು 25ನ್ನು ಮುಟ್ಟುವುದೇ ಇಲ್ಲ. ನಕ್ಷೆ ತ್ರಿಕೋನವಾಗುತ್ತದೆ. ತುದಿಯ ವೇಗದ ವರ್ಗ = 2 × 2000 × (0.2 × 0.4) ÷ (0.2 + 0.4) = 533, ವೇಗ 23.1 ಮೀ/ಸೆ., ಕಾಲ 2 × 2000 ÷ 23.1 = 173 ಸೆಕೆಂಡು. ಇದನ್ನು ನೋಡದೆ ಮುಂದುವರಿದವರಿಗೆ ಮಧ್ಯದ ಹಂತದ ದೂರ ಮೈನಸ್ ಬರುತ್ತದೆ. ಮೈನಸ್ ಬಂದರೆ ಅದನ್ನು ಅಳಿಸಿ ಪ್ಲಸ್ ಮಾಡಬೇಡಿ, ಆ ಮೈನಸ್ ನಿಮಗೆ ಏನೋ ಹೇಳುತ್ತಿದೆ.

ಅಂಕೋಲಾ_ಪಿಯು1
ಸರ್, ಸೇತುವೆ ದಾಟುವ ರೈಲಿನ ಲೆಕ್ಕದಲ್ಲಿ ರೈಲಿನ ಉದ್ದ ಯಾವಾಗ ಸೇರಿಸಬೇಕು?

ಹೊನ್ನಾವರ_ಗೇಟು
ಎಂಜಿನ್ ಸೇತುವೆಗೆ ಕಾಲಿಟ್ಟಾಗಿನಿಂದ ಕೊನೆಯ ಡಬ್ಬಿ ಸೇತುವೆ ಬಿಡುವವರೆಗೆ ಎಂದರೆ ಸೇತುವೆ + ರೈಲು. ಇಡೀ ರೈಲು ಸೇತುವೆಯ ಮೇಲಿರುವ ಕಾಲ ಎಂದು ಕೇಳಿದರೆ ಸೇತುವೆ − ರೈಲು. ಕಂಬ ದಾಟುವುದಾದರೆ ಬರೀ ರೈಲು. ಎಂಜಿನ್ನಿನ ಮೂತಿ ಎಷ್ಟು ದೂರ ಸಾಗಿತು ಎಂದು ಚಿತ್ರ ಬರೆದು ನೋಡಿದರೆ ಮೂರನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ನಮ್ಮ ಶರಾವತಿಯದ್ದು, ಸುಮಾರು 2065 ಮೀ. ರೈಲು 435 ಮೀ. ಎಂದಿಟ್ಟುಕೊಳ್ಳಿ, ಒಟ್ಟು 2500. ಸೇತುವೆ ಹೊಕ್ಕಾಗ 15 ಮೀ/ಸೆ., ವೇಗೋತ್ಕರ್ಷ 0.035. ವಿ² = 225 + 2 × 0.035 × 2500 = 400, ವಿ = 20. ಕಾಲಕ್ಕೆ ವರ್ಗ ಸಮೀಕರಣ ಬಿಡಿಸಬೇಡಿ, ಸರಾಸರಿ ವೇಗ (15 + 20) ÷ 2 = 17.5, 2500 ÷ 17.5 = 143 ಸೆಕೆಂಡು.

ಆ 2500 ಮೀಟರಿನ ಸರಿ ಮಧ್ಯದಲ್ಲಿ ವೇಗ ಎಷ್ಟು? 17.5 ಎನ್ನುವವರೇ ಹೆಚ್ಚು. 17.5 ಬರುವುದು ಕಾಲದ ಮಧ್ಯದಲ್ಲಿ. ದೂರದ ಮಧ್ಯದಲ್ಲಿ (225 + 400) ÷ 2 = 312.5ರ ವರ್ಗಮೂಲ, 17.68. ರೈಲು ಮೊದಲರ್ಧ ದೂರಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಹಾಗಾಗಿ ದೂರದ ಮಧ್ಯ ಮುಟ್ಟುವಾಗ ಕಾಲದ ಅರ್ಧ ಆಗಲೇ ದಾಟಿರುತ್ತದೆ.

ಹೆದ್ದಾರಿ66
ಎರಡು ಗಾಡಿಗಳ ಲೆಕ್ಕವನ್ನೂ ಇಲ್ಲೇ ಹಾಕುತ್ತೇನೆ. 20 ಮೀ/ಸೆ. ವೇಗದ ಬಸ್ಸಿನ ಮುಂದೆ 25 ಮೀ. ದೂರದಲ್ಲಿ ಲಾರಿ 10 ಮೀ/ಸೆ. ಸಮ ವೇಗದಲ್ಲಿ ಹೋಗುತ್ತಿದೆ. ಡಿಕ್ಕಿ ತಪ್ಪಿಸಲು ಬಸ್ಸಿಗೆ ಕನಿಷ್ಠ ಎಷ್ಟು ರಿಟಾರ್ಡೇಶನ್ ಬೇಕು?

400 ÷ 50 = 8 ಎಂದು ಬರೆಯುವವರು ಬಸ್ಸನ್ನು ಪೂರಾ ನಿಲ್ಲಿಸುತ್ತಿದ್ದಾರೆ. ಬಸ್ಸು ನಿಲ್ಲಬೇಕಾಗಿಲ್ಲ, ಲಾರಿಯ ವೇಗಕ್ಕೆ ಇಳಿದರೆ ಸಾಕು. ಲಾರಿಯ ಮೇಲೆ ಕುಳಿತು ನೋಡಿ: ಬಸ್ಸು 10ರಲ್ಲಿ ಹತ್ತಿರ ಬರುತ್ತಿದೆ, 25 ಮೀಟರಿನೊಳಗೆ ಆ 10 ಸೊನ್ನೆಯಾಗಬೇಕು. 100 ÷ 50 = 2 ಮೀ/ಸೆ². ತಾಳೆ: 5 ಸೆಕೆಂಡಿನಲ್ಲಿ ಬಸ್ಸು 75 ಮೀ., ಲಾರಿ 50 ಮೀ., ವ್ಯತ್ಯಾಸ 25.

ಬೈತಖೋಲ
ಅದಕ್ಕೆ ಹೊಂದುವ ಒಂದು ಲೆಕ್ಕ ಕಾರವಾರದ್ದೇ ಇದೆ. ಇಲ್ಲಿಯ ಕದಂಬ ನೌಕಾನೆಲೆಯಲ್ಲಿ ನಿಲ್ಲುವ ವಿಕ್ರಮಾದಿತ್ಯ ಹಡಗಿನ ಮೇಲೆ ವಿಮಾನಗಳು ತಂತಿಗೆ ಕೊಕ್ಕೆ ಸಿಕ್ಕಿಸಿಕೊಂಡು ನಿಲ್ಲುತ್ತವೆ. ಅಂಕಿಗಳು ಉದಾಹರಣೆಗೆ ಮಾತ್ರ: ವಿಮಾನ ನೀರಿನ ಲೆಕ್ಕದಲ್ಲಿ 66 ಮೀ/ಸೆ., ಹಡಗು ಅದೇ ದಿಕ್ಕಿಗೆ 12 ಮೀ/ಸೆ., ಡೆಕ್ಕಿನ ಮೇಲೆ ಓಡಲು 90 ಮೀ.

ಡೆಕ್ಕಿನ ಮೇಲೆ ನಿಂತವನಿಗೆ ವಿಮಾನ 54ರಲ್ಲಿ ಬಂದು ಸೊನ್ನೆಯಾಗುತ್ತದೆ. 54² ÷ 180 = 16.2 ಮೀ/ಸೆ².

ಇಲ್ಲಿ ಆಗುವ ತಪ್ಪು ಅರ್ಧ ಅಲ್ಲಿಯದು, ಅರ್ಧ ಇಲ್ಲಿಯದು ಬೆರೆಸುವುದು. 66ರಿಂದ 12ಕ್ಕೆ ಇಳಿಯಿತು, ದೂರ 90 ಎಂದು (4356 − 144) ÷ 180 = 23.4 ಮಾಡುತ್ತಾರೆ. ವೇಗ ಸಮುದ್ರದ ಲೆಕ್ಕದ್ದು, ದೂರ ಡೆಕ್ಕಿನ ಲೆಕ್ಕದ್ದು. ಸಮುದ್ರದ ಲೆಕ್ಕದಲ್ಲೇ ಮಾಡುವುದಾದರೆ ನಿಲ್ಲುವ 3.33 ಸೆಕೆಂಡಿನಲ್ಲಿ ಹಡಗೂ 40 ಮೀ. ಮುಂದೆ ಹೋಗಿದೆ, ವಿಮಾನದ ದೂರ 130. 4212 ÷ 260 = 16.2. ಎರಡು ಕಡೆಯಿಂದಲೂ ಒಂದೇ ಉತ್ತರ ಬಂದಾಗ ಲೆಕ್ಕ ಸರಿ ಎಂಬ ಧೈರ್ಯ ಬರುತ್ತದೆ.

ತೋಟದಂಚು
ಶಿರಸಿ ಕಡೆಯವರಿಗೆ ಹಡಗಿಗಿಂತ ಅಡಿಕೆ ಕೊನೆ (ಗೊನೆ) ಹತ್ತಿರ. ಕೊನೆಗೌಡ (ಮರ ಹತ್ತಿ ಕೊನೆ ಕೊಯ್ಯುವವನು) ಮೇಲಿನಿಂದ ಹಗ್ಗದ ಮೇಲೆ ಜಾರಿಬಿಟ್ಟ ಕೊನೆಯನ್ನು ಕೆಳಗೆ ಹಗ್ಗ ಹಿಡಿದವನು ತಡೆದು ನಿಲ್ಲಿಸುತ್ತಾನೆ. ಮೊದಲು ವೇಗ ಏರುತ್ತದೆ, ಆಮೇಲೆ ಗಕ್ಕನೆ ಇಳಿಯುತ್ತದೆ. ಎರಡು ತುದಿಯಲ್ಲೂ ವೇಗ ಸೊನ್ನೆ. ಹೀಗಿದ್ದಾಗ ಮಧ್ಯದ ವೇಗ ಹುಡುಕುವ ಅಗತ್ಯವೇ ಇಲ್ಲ: ಮೊದಲ ವೇಗೋತ್ಕರ್ಷ × ಮೊದಲ ದೂರ = ಎರಡನೆಯ ರಿಟಾರ್ಡೇಶನ್ × ಎರಡನೆಯ ದೂರ. ಕಾಲಕ್ಕೂ ಇದೇ ನಿಯಮ.

20 ಮೀ. ಹಗ್ಗದ ಮೇಲೆ 1.5 ಮೀ/ಸೆ² ದರದಲ್ಲಿ ಜಾರಿದ ಕೊನೆಯನ್ನು ಅರ್ಧ ಮೀಟರಿನಲ್ಲಿ ನಿಲ್ಲಿಸಿದರೆ 1.5 × 20 ÷ 0.5 = 60 ಮೀ/ಸೆ². 6 ಕೆ.ಜಿ. ಕೊನೆಗೆ 360 ನ್ಯೂಟನ್ ನಿವ್ವಳ ಬಲ. ಕೈ ಬಿಗಿಹಿಡಿದು 10 ಸೆಂ.ಮೀ.ನಲ್ಲೇ ನಿಲ್ಲಿಸಹೋದರೆ 300 ಮೀ/ಸೆ², 1800 ನ್ಯೂಟನ್, ಅಡಿಕೆ ಉದುರಿ ಹೋಗುತ್ತದೆ. ಹಿಡಿಯುವವನು ಕೈಯನ್ನು ಕೊನೆಯ ಜೊತೆಗೇ ಸ್ವಲ್ಪ ಹಿಂದೆ ಬಿಡುವುದು ಆ ಎರಡನೆಯ ದೂರವನ್ನು ಹೆಚ್ಚಿಸಲು. ಕ್ರಿಕೆಟ್ ಚೆಂಡು ಹಿಡಿಯುವಾಗಲೂ ಅದೇ.

ಅಘನಾಶಿನಿ
ಇದನ್ನು ತರಗತಿಯಲ್ಲಿ ಹೇಳಲೇಬೇಕು. ಉಂಚಳ್ಳಿ ಜಲಪಾತಕ್ಕೆ ಕರೆದುಕೊಂಡು ಹೋದ ಮಕ್ಕಳಿಗೆ 116 ಮೀ. ಎತ್ತರದಿಂದ ಗಾಳಿಯ ತಡೆ ಇಲ್ಲದೆ ಬಿದ್ದರೆ 4.9 ಸೆಕೆಂಡು, 47.7 ಮೀ/ಸೆ. ಎಂದು ಲೆಕ್ಕ ಮಾಡಿಸಬಹುದು. ಆದರೆ ಕಣ್ಣೆದುರು ನೀರು ಹನಿಯಾಗಿ, ಮಂಜಾಗಿ ತೇಲುತ್ತಾ ಇಳಿಯುತ್ತದೆ, ಅಷ್ಟು ವೇಗ ಅದಕ್ಕಿಲ್ಲ. ಸೂತ್ರದ ಮಿತಿ ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇಡ.

ಕಾಳೀತೀರ
ಮಿತಿಯ ಮಾತು ಬಂದದ್ದರಿಂದ: ಜೆಇಇಗೆ ಓದುವವರು ಗಮನಿಸಿ. ಎಂಜಿನ್ ನಿಲ್ಲಿಸಿದ ದೋಣಿಯ ರಿಟಾರ್ಡೇಶನ್ ಸ್ಥಿರವಲ್ಲ. ಅದು ಆಯಾ ಕ್ಷಣದ ವೇಗದ 0.1 ಪಟ್ಟು ಎಂದು ಕೊಟ್ಟರೆ ಮೂರೂ ಸೂತ್ರ ಬದಿಗಿಟ್ಟು ಸಮಾಕಲನ (ಇಂಟಿಗ್ರೇಶನ್) ಮಾಡಬೇಕು. 4 ಮೀ/ಸೆ.ನಲ್ಲಿದ್ದ ದೋಣಿ ಒಟ್ಟು 4 ÷ 0.1 = 40 ಮೀಟರಿಗಿಂತ ಮುಂದೆ ಹೋಗದು, ಆದರೆ ಲೆಕ್ಕದ ಪ್ರಕಾರ ಪೂರ್ತಿ ನಿಲ್ಲಲು ಅನಂತ ಕಾಲ ಬೇಕು. 6.93 ಸೆಕೆಂಡಿಗೆ ವೇಗ ಅರ್ಧ, ಆಗ 20 ಮೀ. ಸಾಗಿರುತ್ತದೆ. ಪ್ರಶ್ನೆಯಲ್ಲಿ "ಸಮ" ಅಥವಾ "ಏಕರೂಪ" ಎಂಬ ಪದ ಇದೆಯೇ ಎಂದು ಬೆರಳಿಟ್ಟು ಹುಡುಕಿ, ಆಮೇಲೆ ಸೂತ್ರ ಎತ್ತಿಕೊಳ್ಳಿ.

ಹೊನ್ನಾವರ_ಗೇಟು
ಮೊಬೈಲಿನಲ್ಲೇ ಅಳೆದು ನೋಡುವವರಿಗೆ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಆ್ಯಪ್ ಉಚಿತವಾಗಿದೆ. ಬಸ್ಸಿನ ಸೀಟಿನ ಮೇಲೆ ಫೋನನ್ನು ಅಂಗಾತ, ಉದ್ದ ಬದಿ ಬಸ್ಸಿನ ದಿಕ್ಕಿಗೆ ಇಟ್ಟು ಅಲುಗದಂತೆ ಹಿಡಿಯಿರಿ. ಎರಡು ಎಚ್ಚರಿಕೆ. ಘಟ್ಟದಲ್ಲಿ ಫೋನ್ ಓರೆಯಾಗುತ್ತದೆ, 15ಕ್ಕೆ 1 ಇಳಿಜಾರಿನಲ್ಲಿ ಗುರುತ್ವವೇ 0.65 ಮೀ/ಸೆ² ಸುಳ್ಳು ಸೇರಿಸುತ್ತದೆ, ಆದ್ದರಿಂದ ಕರಾವಳಿಯ ಸಮತಟ್ಟು ರಸ್ತೆಯಲ್ಲಿ ಮಾಡಿ. ಎರಡನೆಯದು, ವೇಗೋತ್ಕರ್ಷವನ್ನು ಕೂಡಿಸುತ್ತಾ ವೇಗ, ದೂರ ತೆಗೆಯುವಾಗ ಸಣ್ಣ ದೋಷವೂ ಬೆಳೆಯುತ್ತದೆ: ಬರೀ 0.05ರ ದೋಷ ಒಂದು ನಿಮಿಷಕ್ಕೆ ವೇಗದಲ್ಲಿ 3 ಮೀ/ಸೆ., ದೂರದಲ್ಲಿ 90 ಮೀ. ಆಗುತ್ತದೆ. ನಿಂತಲ್ಲಿಂದ ಹತ್ತು ಸೆಕೆಂಡಿನ ತುಂಡುಗಳನ್ನು ಮಾತ್ರ ನಂಬಿ.

ಕಾಳೀತೀರ
ಪರೀಕ್ಷೆಯ ಬಗ್ಗೆ ಒಂದೆರಡು ಮಾತು. ಸಿಇಟಿಯಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗೆ 80 ನಿಮಿಷ, ಪ್ರಶ್ನೆಗೆ 80 ಸೆಕೆಂಡು. ಅಲ್ಲಿ ಸರಾಸರಿ ವೇಗದ ದಾರಿ ಮತ್ತು ನಕ್ಷೆಯ ವಿಸ್ತೀರ್ಣವೇ ಬೇಗ. ನೀಟ್‌ನಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ, ಆದ್ದರಿಂದ ಕಿ.ಮೀ./ಗಂಟೆ ಬದಲಿಸಿದೆನೇ, ನಿಲ್ಲುವ ಕಾಲ ನೋಡಿದೆನೇ ಎಂದು ಗುರುತು ಹಾಕುವ ಮುಂಚೆ ನೋಡಿಕೊಳ್ಳಿ.

ಈಗ ಅಂಕೋಲಾದ ತಂಗಿಗೆ ಒಂದು ಲೆಕ್ಕ. ಬಸ್ಸಿನ ವೇಗ 18 ಮೀ/ಸೆ., ರಿಟಾರ್ಡೇಶನ್ 4 ಮೀ/ಸೆ². ಐದನೆಯ ಸೆಕೆಂಡಿನಲ್ಲಿ ಕ್ರಮಿಸಿದ ದೂರ ಎಷ್ಟು?

ಅಂಕೋಲಾ_ಪಿಯು1
ಎನ್‌ನೇ ಸೆಕೆಂಡಿನ ಸೂತ್ರ ಹಾಕಿದರೆ 18 − (4 ÷ 2)(2 × 5 − 1) = 18 − 18 = 0 ಬರುತ್ತದೆ. ಆದರೆ ನಿಲ್ಲುವ ಕಾಲ 18 ÷ 4 = 4.5 ಸೆಕೆಂಡು. ನಾಲ್ಕನೇ ಸೆಕೆಂಡು ಮುಗಿದಾಗ ವೇಗ 18 − 16 = 2 ಮೀ/ಸೆ. ಇದೆ. ಅಲ್ಲಿಂದ ಅರ್ಧ ಸೆಕೆಂಡಿನಲ್ಲಿ ಸೊನ್ನೆ, ಸರಾಸರಿ 1 ಮೀ/ಸೆ., ದೂರ 0.5 ಮೀ. ಸೂತ್ರ ಉಳಿದ ಅರ್ಧ ಸೆಕೆಂಡಿನಲ್ಲಿ ಅರ್ಧ ಮೀಟರು ಹಿಂದೆ ತಂದು ಸೊನ್ನೆ ಮಾಡಿದೆ. ಉತ್ತರ 0.5 ಮೀ.

ಕಾಳೀತೀರ
ಸರಿ.

ಅಘನಾಶಿನಿ
ಭೇಷ್. ಈಗ ಬಸ್ಸು ಬಿಟ್ಟು, ನುಣುಪಾದ ಇಳಿಜಾರಿನಲ್ಲಿ ಮೇಲಕ್ಕೆ 18 ಮೀ/ಸೆ.ನಲ್ಲಿ ಜಾರಿಸಿದ ಒಂದು ತುಂಡು, ಅದೇ 4 ಮೀ/ಸೆ² ಎಂದುಕೊಳ್ಳಿ. ಐದನೆಯ ಸೆಕೆಂಡಿನಲ್ಲಿ ದೂರ ಎಷ್ಟು, ಸ್ಥಾನಪಲ್ಲಟ (ಹೊರಟಲ್ಲಿಂದ ತಲುಪಿದಲ್ಲಿಗೆ ನೇರ ಅಂತರ) ಎಷ್ಟು?

ಅಂಕೋಲಾ_ಪಿಯು1
ಇಲ್ಲಿ ಗುರುತ್ವ ಅದನ್ನು ನಿಜವಾಗಿಯೂ ಹಿಂದಕ್ಕೆ ಎಳೆಯುತ್ತದೆ ಮೇಡಂ. ಅರ್ಧ ಮೀಟರು ಮೇಲೆ, ಅರ್ಧ ಮೀಟರು ಕೆಳಗೆ. ದೂರ 1 ಮೀ., ಸ್ಥಾನಪಲ್ಲಟ 0. ಅಂದರೆ ಈ ಸಲ ಸೂತ್ರ ಕೊಟ್ಟ ಸೊನ್ನೆಯೇ ಸ್ಥಾನಪಲ್ಲಟಕ್ಕೆ ಸರಿ.